ತೈಲಬಾವಿಯ ಹಗ್ಗ: ಯೆನಾಂಜಾಂಗ್‌ನಲ್ಲಿ ಎಣ್ಣೆ ಎತ್ತುವ ಜನಪದ ವಿಧಾನ

ಭೂತೈಲದ ಆಧುನಿಕ ಚರಿತ್ರೆಯನ್ನು 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಿಂದ ಆರಂಭಿಸುವುದು ರೂಢಿ. ಸುಮಾರು 69 ಅಡಿ ಆಳದ ಆ ಬಾವಿಯಲ್ಲಿಯೂ ಎಣ್ಣೆ ತಾನಾಗಿ ಚಿಮ್ಮಲಿಲ್ಲ, ಪಂಪಿನಿಂದ ಎತ್ತಬೇಕಾಯಿತು. ಭೂಗರ್ಭದ ಸಹಜ ಒತ್ತಡ ಸಾಲದಾದಾಗ ಹೊರಗಿನ ಬಲದಿಂದ ಎಣ್ಣೆ ತೆಗೆಯುವ ಕ್ರಮವೇ ‘ಕೃತಕ ಎತ್ತುವಿಕೆ’. ಇದರ ಚರಿತ್ರೆಯನ್ನು ಯಂತ್ರದಿಂದಲೇ ತೊಡಗಬೇಕೆ ಎಂಬ ಪ್ರಶ್ನೆಗೆ ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರ್‌ನ, ಯೆನಾಂಜಾಂಗ್ ಬಾವಿಗಳು ಬೇರೆಯೇ ಉತ್ತರ ನೀಡುತ್ತವೆ.

ಯೆನಾಂಜಾಂಗ್ ಐರಾವತಿ ನದಿಯ ಪೂರ್ವದಂಡೆಯಲ್ಲಿದೆ. ಬರ್ಮೀ ಭಾಷೆಯಲ್ಲಿ ಭೂತೈಲಕ್ಕೆ ‘ವಾಸನೆಯ ನೀರು’ ಎಂಬ ಅರ್ಥದ ಹೆಸರಿದ್ದು, ಊರಿನ ಹೆಸರಿಗೆ ‘ಎಣ್ಣೆಯ ತೊರೆ’ ಎಂದರ್ಥ. ದೀಪಕ್ಕೆ, ದೋಣಿ ಹಾಗೂ ಮರಮುಟ್ಟುಗಳ ಲೇಪಕ್ಕೆ, ತಾಳೆಗರಿಗಳ ರಕ್ಷಣೆಗೆ ಇಲ್ಲಿಯ ಎಣ್ಣೆ ಬಳಕೆಯಾಗುತ್ತಿತ್ತು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿಯಾಗಿ ಆವಾ ರಾಜ್ಯಕ್ಕೆ ಹೋದ ಮೈಕೇಲ್ ಸೈಮ್ಸ್ ಅಳೆದು ನೋಡಿದ ಬಾವಿ 37 ಮಾರು, ಎಂದರೆ ಸುಮಾರು 220 ಅಡಿ ಆಳವಿತ್ತು. 1797ರಲ್ಲಿ ಬಂದ ಹೈರಮ್ ಕಾಕ್ಸ್ 520 ಬಾವಿಗಳ ಲೆಕ್ಕ ಕೊಡುತ್ತಾನೆ.

ಸೈಮ್ಸ್ ವಿವರಿಸುವ ವಿಧಾನ ಸರಳವಾದುದು. ಬಾವಿಯ ಮೇಲೆ ಎರಡು ಕಂಬಗಳ ನಡುವೆ ತಿರುಗುವ ಮರದ ಉರುಳೆ. ಅದರ ಮೇಲೆ ಹಾಯ್ದ ಹಗ್ಗದ ತುದಿಗೆ ಪಾತ್ರೆ. ಪಾತ್ರೆ ತುಂಬಿದೊಡನೆ ಇಬ್ಬರು ಹಗ್ಗದ ಇನ್ನೊಂದು ತುದಿ ಹಿಡಿದು, ಬಾವಿಯ ಆಳದಷ್ಟೇ ಉದ್ದಕ್ಕೆ ಕಡಿದ ಇಳಿಜಾರಿನಲ್ಲಿ ಓಡುತ್ತಾರೆ. ಅವರು ಕೊನೆ ಮುಟ್ಟುವಾಗ ಪಾತ್ರೆ ಮೇಲೆ ಬಂದಿರುತ್ತದೆ. ನೀರು ಬೆರೆತ ಎಣ್ಣೆಯನ್ನು ತೊಟ್ಟಿಗೆ ಸುರಿದು, ತಳದ ರಂಧ್ರದಿಂದ ನೀರನ್ನು ಹೊರಬಿಡಲಾಗುತ್ತದೆ.

ಕನ್ನಡ ನಾಡಿನ ಕಪಿಲೆಯನ್ನು ಬಲ್ಲವರಿಗೆ ಈ ಇಳಿಜಾರು ಅಪರಿಚಿತವಲ್ಲ. ಕಪಿಲೆಯಲ್ಲಿ ಎತ್ತುಗಳು ಇಳಿದಷ್ಟೂ ಬಾನಿ ಮೇಲೇರುತ್ತದೆ. ಹೊಡೆಯುವವನು ಹಗ್ಗದ ಮೇಲೆ ಕುಳಿತು ತನ್ನ ಭಾರವನ್ನೂ ಸೇರಿಸುತ್ತಾನೆ. ಎರಡರಲ್ಲಿಯೂ ಇಳಿಯುವ ದೇಹದ ತೂಕವೇ ಎಳೆಯುವ ಬಲಕ್ಕೆ ಒದಗುತ್ತದೆ. ಈ ಸಾಮ್ಯದಿಂದ ಒಂದು ಇನ್ನೊಂದರಿಂದ ಬಂದಿತೆಂದು ತೀರ್ಮಾನಿಸಲಾಗದು. ಆದರೆ ಕಪಿಲೆಯಲ್ಲಿ ಎತ್ತು ನಿಂತ ಸ್ಥಾನದಲ್ಲಿ ಯೆನಾಂಜಾಂಗ್‌ನಲ್ಲಿ ಮನುಷ್ಯ ನಿಂತಿದ್ದನೆಂಬುದು ಗಮನಾರ್ಹ.

ಬಾವಿ ತೋಡುವ ಕೆಲಸ ಇನ್ನೂ ಕಠಿಣವಾಗಿತ್ತು. ಕತ್ತಲೆಗೆ ದೃಷ್ಟಿ ಹೊಂದಿಕೊಳ್ಳಲೆಂದು ಇಳಿಯುವ ಮೊದಲೇ ಕಣ್ಣು ಕಟ್ಟಿಕೊಳ್ಳುತ್ತಿದ್ದರು. ವಿಷಾನಿಲದಿಂದಾಗಿ ತಳದಲ್ಲಿ ಕೆಲವೇ ನಿಮಿಷ ನಿಲ್ಲಲು ಸಾಧ್ಯವಿತ್ತು. ಬಾವಿಗಳ ಹಕ್ಕು ‘ತ್ವಿಂಜಾಯೋ’ ಎಂಬ 24 ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದಿತ್ತು.

1886ರಲ್ಲಿ ಉತ್ತರ ಬರ್ಮಾ ಬ್ರಿಟಿಷರ ವಶವಾಯಿತು. ಅದೇ ವರ್ಷ ಸ್ಥಾಪನೆಗೊಂಡ ಬರ್ಮಾ ಆಯಿಲ್ ಕಂಪನಿ ಆ ದಶಕದಲ್ಲೇ ಯಂತ್ರದಿಂದ ಕೊರೆಯತೊಡಗಿತು. ಸರಕಾರ ಟ್ವಿಂಗೋನ್ ಮತ್ತು ಬೇಮೆ ಎಂಬ ಎರಡು ಪ್ರದೇಶಗಳನ್ನು ಸಾಂಪ್ರದಾಯಿಕ ಹಕ್ಕುದಾರರಿಗೆ ಕಾಯ್ದಿರಿಸಿತು. ಕೈಬಾವಿಗಳು 20ನೆಯ ಶತಮಾನಕ್ಕೂ ಮುಂದುವರಿದವು; ತೋಡುವವರಿಗೆ ಮುಳುಗುಗಾರರ ಶಿರಸ್ತ್ರಾಣವೂ ಬಂದಿತು.

ಯಂತ್ರಕ್ಕೆ ನಿರ್ಮಾಪಕನ ಹೆಸರಿದೆ, ಹಕ್ಕಿಗೆ ಕುಟುಂಬಗಳ ಲೆಕ್ಕವಿದೆ. ಆದರೆ ಇಳಿಜಾರಿನಲ್ಲಿ ಓಡಿದವರು ಸೈಮ್ಸನ ಬರಹದಲ್ಲಿ ಬರಿಯ ‘ಇಬ್ಬರು’. ಜನಪದ ತಂತ್ರಜ್ಞಾನದ ಅಧ್ಯಯನ ಉಪಕರಣದ ವಿವರಣೆಗೆ ನಿಲ್ಲದೆ ಈ ಇಬ್ಬರ ಶ್ರಮವನ್ನೂ ಚರಿತ್ರೆಯೊಳಗೆ ತರಬೇಕಾಗಿದೆ. ಏತ, ಕಪಿಲೆಗಳಲ್ಲಿ ದುಡಿದ ಹಿರಿಯರು ಇನ್ನೂ ಉಳಿದಿರುವ ನಮ್ಮ ಹಳ್ಳಿಗಳಲ್ಲಿ ಆ ಕೆಲಸ ತಡವಾಗಬಾರದು.