ತೊಗಟೆಯೊಳಗಿನ ಹುಳ, ಬುಡದ ಮೇಲಿನ ಫರ್ಸಿ

‘ಗಿಡಕ್ಕ ಹುಳ ಹತ್ಯಾವ’ ಎಂದು ಸೇಡಂ, ಚಿತ್ತಾಪುರದ ಓಣಿಗಳಲ್ಲಿ ಹೇಳುವಾಗ ಅದು ಯಾವ ಹುಳ ಎಂದು ಮೊದಲು ನೋಡಬೇಕು. ನುಗ್ಗೆ, ಪೇರಲದ ಕಾಂಡದ ಮೇಲೆ ಹಿಕ್ಕೆ ಮತ್ತು ಬಲೆಯ ಪಟ್ಟಿ ಕಂಡರೆ ತೊಗಟೆ ತಿನ್ನುವ ಕಂಬಳಿಹುಳ. ಹಗಲು ತೂತಿನಲ್ಲಿ ಅಡಗಿ ರಾತ್ರಿ ಮೇಯುತ್ತದೆ. ಮಾವಿನ ಬೊಡ್ಡೆಯಿಂದ ಒರಟು ಮರದ ಪುಡಿ ಉದುರಿದರೆ ಉದ್ದ ಮೀಸೆಯ ದುಂಬಿಯ ಬೆರಳುದ್ದದ ಮರಿ. ಇವೆರಡಕ್ಕೂ ತೂತಿಗೆ ತಂತಿ ಹಾಕಿ ಹುಳ ಎಳೆಯುವುದು, ಸೀಮೆಎಣ್ಣೆಯ ಹತ್ತಿ ತುರುಕಿ ಮಣ್ಣು ಮೆತ್ತುವುದು ಹಳೆಯ ಮದ್ದು. ಇಂದಿಗೂ ನಡೆಯುತ್ತದೆ.

ಮೂರನೆಯದು ಎಳ್ಳಿನ ಕಾಳಿನಷ್ಟಿರುವ ದುಂಬಿ. ಗುಂಡುಸೂಜಿ ಚುಚ್ಚಿದಂಥ ತೂತುಗಳು, ನುಣ್ಣನೆಯ ಪುಡಿ. ಇದರ ಮುಂದೆ ತಂತಿ ನಡೆಯುವುದಿಲ್ಲ. ಇವುಗಳಲ್ಲಿ ಒಂದು ಗುಂಪು ಮರವನ್ನೇ ತಿನ್ನುವುದಿಲ್ಲ. ಹೊತ್ತು ತಂದ ಶಿಲೀಂಧ್ರವನ್ನು ಸುರಂಗದಲ್ಲಿ ಬೆಳೆಸಿ ಅದನ್ನೇ ಮರಿಗಳಿಗೆ ಉಣಿಸುತ್ತದೆ. ಹೊರಗೆ ಸಿಂಪಡಿಸಿದ ವಿಷ ಒಳಗೆ ತಲುಪುವುದು ಕಷ್ಟ.

ಮರ ಕೊರೆಯುವ ಹುಳಗಳನ್ನು ಅರಿಯುವ ವಿದ್ಯೆ ಬೆಳೆದದ್ದು ಕಾಡಿನಲ್ಲಿ. ಕೀಟವಿಜ್ಞಾನಿ ಸ್ಟೆಬ್ಬಿಂಗ್ ಭಾರತದ ಕಾಡಿನ ದುಂಬಿಗಳ ಕುರಿತು ದೊಡ್ಡ ಗ್ರಂಥ ತಂದದ್ದು 1914ರಲ್ಲಿ. ಹೊರದೇಶದ ಕೀಟಗಳನ್ನು ತಡೆಯುವ ಕಾನೂನು ಬಂದದ್ದೂ ಅದೇ ವರ್ಷ. 1941ರಲ್ಲಿ ಇನ್ನೊಬ್ಬ ಕೀಟವಿಜ್ಞಾನಿ ಬೀಸನ್ ಅವರ ಪುಸ್ತಕ ಕೀಟದ ಜೊತೆಗೆ ಅದರ ಪರಿಸರವನ್ನೂ ಲೆಕ್ಕಕ್ಕೆ ತಂದಿತು. ಸಾಲವೃಕ್ಷದ ಕಾಡುಗಳಲ್ಲಿ ಮರ ಕಡಿದು ತೊಗಟೆ ಜಜ್ಜಿ, ರಸದ ವಾಸನೆಗೆ ಬಂದ ದುಂಬಿಗಳನ್ನು ಹಿಡಿದು ಕೊಲ್ಲುವ ರೂಢಿಯೂ ಇತ್ತು. ಆಮೇಲೆ ಬಂದ ಡಿಡಿಟಿ ಕಾಲದಲ್ಲಿ ಇಂಥ ತಾಳ್ಮೆಯ ಕೆಲಸಕ್ಕೆ ಬೆಲೆ ಕಡಿಮೆಯಾಯಿತು. ಅದು ನಷ್ಟವೇ.

ಎಳ್ಳಿನಷ್ಟಿರುವ ದುಂಬಿಗಳ ವಿಷಯದಲ್ಲಿ ನಮ್ಮ ರಾಜ್ಯ ಎಚ್ಚೆತ್ತದ್ದು ಕಾಫಿಯಿಂದ. ಆಫ್ರಿಕಾ ಮೂಲದ ಕಾಯಿಕೊರಕ ಇದೇ ಕುಲದ್ದು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿ ಕೊಡಗಿಗೆ ಬಂತು. ತೋಟಗಳಲ್ಲಿ ಮದ್ಯಸಾರ ತುಂಬಿದ ಬೋನುಗಳನ್ನು ತೂಗುಹಾಕಿದರು. ಬಯಲುಸೀಮೆಯ ದಾಳಿಂಬೆಯಲ್ಲೂ ಸೊರಗು ರೋಗದ ಗಿಡಗಳಲ್ಲಿ ಈ ಸಣ್ಣ ಕೊರಕಗಳು ಸೇರಿಕೊಂಡವು. ಇನ್ನೊಂದು ವಿಚಿತ್ರ: ನಮ್ಮ ಏಷ್ಯಾದ ಇಂಥದೇ ದುಂಬಿ ಕಡಲು ದಾಟಿ ಕ್ಯಾಲಿಫೋರ್ನಿಯಾದ ಬೀದಿಮರಗಳಿಗೆ ಹತ್ತಿತು, 2017ರಲ್ಲಿ ಅದನ್ನು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ಸಸ್ಯೋದ್ಯಾನದಲ್ಲಿ ಗುರುತಿಸಿದರು. ಅಲ್ಲಿ ಚೆನ್ನಾಗಿದ್ದ ಮರಗಳನ್ನೂ ಬಿಡಲಿಲ್ಲ. ಕಟ್ಟಿಗೆಯ ಪೆಟ್ಟಿಗೆಗಳನ್ನು ಶುದ್ಧಿಮಾಡಿಯೇ ದೇಶ ದಾಟಿಸಬೇಕೆಂಬ ನಿಯಮ ಇರುವುದು ಇಂಥವಕ್ಕೇ: ಕಾಯಿಸುವುದಾದರೆ ಕಟ್ಟಿಗೆಯ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು.

ಆದರೆ ಬಹಳಷ್ಟು ಶಿಲೀಂಧ್ರದ ದುಂಬಿಗಳು ಸೋತ ಗಿಡವನ್ನೇ ಹುಡುಕುತ್ತವೆ. ಬೇರಿಗೆ ಗಾಳಿ ಸಿಗದಿದ್ದರೆ ಮರದಲ್ಲಿ ಎಥೆನಾಲ್ ಹುಟ್ಟುತ್ತದೆ. ಆ ವಾಸನೆಯೇ ದುಂಬಿಗೆ ಕರೆ. ಇದು ತಿಳಿದ ಮೇಲೆ ಔಷಧಿಯ ಅಂಗಡಿಗಿಂತ ಗಿಡದ ಬುಡ ನೋಡುವುದು ಮುಖ್ಯವಾಯಿತು. ನಮ್ಮ ಕಡೆ ಅಂಗಳಕ್ಕೆ ಫರ್ಸಿ ಹಾಸುವಾಗ ಬೊಡ್ಡೆಗೆ ತಾಗುವವರೆಗೆ ಹಾಸಿ ಸಿಮೆಂಟು ತುಂಬುತ್ತಾರೆ. ಬೇಸಿಗೆಯಲ್ಲಿ ಆ ಕಲ್ಲು ಕಾಯುತ್ತದೆ, ಮಳೆನೀರು ಬೇರಿಗೆ ಇಳಿಯುವುದಿಲ್ಲ. ಚಿಂಚೋಳಿ ಕಾಡಂಚಿನ ಬೇವಿಗೆ ಫರ್ಸಿಯ ಈ ಕಾಟವಿಲ್ಲ.

ಅಂಗಳದ ಗಿಡದ ಸುತ್ತ ಎರಡು ಮೊಳ ಫರ್ಸಿ ಎಬ್ಬಿಸಿ, ಒಣ ಎಲೆ ಹರಡಿ, ಬೇಸಿಗೆಯಲ್ಲಿ ನೀರು ಕೊಡಿ. ಸೂಜಿತೂತು ತುಂಬಿದ ಟೊಂಗೆಯನ್ನು ಕಡಿದು ಅಲ್ಲೇ ಸುಡಿ. ಉರುವಲಿಗೆಂದು ಬೇರೆ ಊರಿಗೆ ಒಯ್ಯಬೇಡಿ.