ಕಂಠಾಭರಣದಿಂದ ಟೋಪಿ ಬಿಲ್ಲೆಯವರೆಗೆ

152207ನ್ನು 73ರಿಂದ ಗುಣಿಸಿ ನೋಡಿ: ಸಾಲಾಗಿ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಮಹಾವೀರಾಚಾರ್ಯ ಕೊರಳ ಒಡವೆಗೆ ಹೋಲಿಸಿದ. ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಚನೆಯಾದ ‘ಗಣಿತಸಾರಸಂಗ್ರಹ’ದಲ್ಲಿ ಇವು ಸಿಗುತ್ತವೆ. ಭೂಮಿ ಅಳೆಯಲು, ಬಡ್ಡಿ ಲೆಕ್ಕ ಹಾಕಲು ಇವುಗಳಿಂದ ಉಪಯೋಗವಿಲ್ಲ. ಇಂಥ ಅಂಕಿಗಳನ್ನು ಹುಡುಕಿ ತೆಗೆಯುವುದೇ ಒಂದು ಸುಖ, ಆ ಸುಖಕ್ಕೆ ಆತ ಶಾಸ್ತ್ರಗ್ರಂಥದಲ್ಲೇ ಜಾಗ ಕೊಟ್ಟ. ಮನರಂಜನಾ ಗಣಿತದ ಚರಿತ್ರೆಯನ್ನು ನಾವು ಇಲ್ಲಿಂದ ಶುರು ಮಾಡಬಹುದೆಂದು ನನಗೆ ಹೆಮ್ಮೆಯಿದೆ.

1356ರಲ್ಲಿ ನಾರಾಯಣ ಪಂಡಿತ ‘ಗಣಿತಕೌಮುದಿ’ಯಲ್ಲಿ ಮಾಯಾಚೌಕಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಯುರೋಪಿನಲ್ಲಿ 1612ರಲ್ಲಿ ಬಾಷೆ ಎಂಬ ವಿದ್ವಾಂಸ ಗಣಿತ ವಿನೋದಗಳ ಪುಸ್ತಕ ಪ್ರಕಟಿಸಿದ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಬಹುದೇ ಎಂಬ ಒಗಟನ್ನು ಗಣಿತಜ್ಞ ಆಯ್ಲರ್ 1736ರಲ್ಲಿ ಬಿಡಿಸಿದ. ಆ ಉತ್ತರದಿಂದಲೇ ಗ್ರಾಫ್ ಸಿದ್ಧಾಂತ ಚಿಗುರಿತು. ಹೀಗಿರುವಾಗ, ಒಗಟುಗಳೆಂದರೆ ಪಾಠಕ್ಕೆ ಸವರುವ ಸಕ್ಕರೆ ಎಂಬ ಮಾತನ್ನು ಒಪ್ಪುವುದು ನನಗೆ ಕಷ್ಟ.

ಇಪ್ಪತ್ತನೇ ಶತಮಾನದಲ್ಲಿ ಈ ಕ್ಷೇತ್ರಕ್ಕೆ ಇಬ್ಬರು ಹೊಸ ಬಲ ತಂದರು. ಒಬ್ಬರು ನಾಸಿಕದ ಬಳಿಯ ದೇವಲಾಲಿಯ ಶಾಲಾಮಾಸ್ತರು ಡಿ. ಆರ್. ಕಾಪ್ರೇಕರ್. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. 3524 ಇರಲಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೆಯೇ 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಕಳೆದರೂ 6174ರಿಂದ ಬಿಡುಗಡೆಯಿಲ್ಲ! ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತೀರಿ. ಕೂಡಿ ಕಳೆಯಲು ಬರುವ ಮಗುವೂ ಮಾಡಿ ನೋಡಬಹುದಾದ ಈ ಬೆರಗನ್ನು ಅಂದಿನ ಅನೇಕ ಗಣಿತಜ್ಞರು ಕ್ಷುಲ್ಲಕವೆಂದು ಬದಿಗಿಟ್ಟರು.

ಕಾಪ್ರೇಕರ್ ಹೆಸರು ಜಗತ್ತಿಗೆ ಪರಿಚಯವಾದದ್ದು 1975ರಲ್ಲಿ, ಎರಡನೆಯವರಾದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದಾಗ. ತತ್ವಶಾಸ್ತ್ರ ಓದಿದ ಗಾರ್ಡ್ನರ್‌ಗೆ ಗಣಿತದ ಪದವಿ ಇರಲಿಲ್ಲ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ 1957ರಿಂದ ಸುಮಾರು ಕಾಲು ಶತಮಾನ ಅವರು ಬರೆದ ಅಂಕಣ ಓದುಗರನ್ನೇ ಸಂಶೋಧಕರನ್ನಾಗಿಸಿತು. ನೆಲವನ್ನು ಸಂದಿಲ್ಲದೆ ಮುಚ್ಚಬಲ್ಲ ಪಂಚಭುಜಗಳ ಬಗ್ಗೆ ಅವರು ಬರೆದದ್ದನ್ನು ಓದಿದ ಮಾರ್ಜೊರಿ ರೈಸ್ ಎಂಬ ಗೃಹಿಣಿ, ಹೈಸ್ಕೂಲಿನಲ್ಲಿ ಕಲಿತ ಗಣಿತದ ಬಲದಿಂದಲೇ, ತನ್ನದೇ ಗುರುತು ಚಿಹ್ನೆಗಳನ್ನು ಕಟ್ಟಿಕೊಂಡು, ತಜ್ಞರ ಕಣ್ಣಿಗೆ ಬೀಳದ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದಳು.

ನಮ್ಮಲ್ಲಿ ಅಂಕಿಗಳ ರುಚಿಯನ್ನು ಮನೆಮನೆಗೆ ಮುಟ್ಟಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. ಅವರ ಮಿಂಚಿನ ಲೆಕ್ಕಕ್ಕೆ ಚಪ್ಪಾಳೆ ತಟ್ಟಿದ ನಾವು, ಅವರು ಬರೆದ ಒಗಟಿನ ಪುಸ್ತಕಗಳನ್ನು ಅಷ್ಟು ಗಮನಿಸಲಿಲ್ಲ. ಚಪ್ಪಾಳೆ ತಟ್ಟುವವನು ನೋಡುಗನಾಗಿಯೇ ಉಳಿಯುತ್ತಾನೆ, ಒಗಟು ಅವನನ್ನೂ ಆಟಕ್ಕೆ ಎಳೆಯುತ್ತದೆ.

ಮಾರ್ಜೊರಿ ನಡೆದ ದಾರಿಯಲ್ಲಿ ಇತ್ತೀಚೆಗೆ ಸಾಗಿದವರು ಇಂಗ್ಲೆಂಡಿನ ಡೇವಿಡ್ ಸ್ಮಿತ್, ಮುದ್ರಣ ಕೆಲಸದಿಂದ ನಿವೃತ್ತರಾದವರು. 2022ರ ನವೆಂಬರಿನಲ್ಲಿ ಅವರಿಗೆ ಹದಿಮೂರು ಅಂಚಿನ, ಟೋಪಿಯಂಥ ಒಂದು ಆಕೃತಿ ಸಿಕ್ಕಿತು. ಅದೊಂದರಿಂದಲೇ ಕೊನೆಯಿಲ್ಲದ ನೆಲವನ್ನು ಹಾಸಬಹುದು, ವಿನ್ಯಾಸ ಮಾತ್ರ ಎಂದೂ ಆವರ್ತಿಸುವುದಿಲ್ಲ. ಗಣಿತಜ್ಞರು ದಶಕಗಳಿಂದ ಅರಸುತ್ತಿದ್ದ ಬಿಲ್ಲೆ ಅದು. ಸ್ಮಿತ್ ಮತ್ತು ಮೂವರು ಸಂಶೋಧಕರು 2023ರ ಮಾರ್ಚಿನಲ್ಲಿ ಸಾಧನೆಯನ್ನು ಪ್ರಕಟಿಸಿದರು. ಹಾಸುವಾಗ ಕೆಲವು ಬಿಲ್ಲೆಗಳನ್ನು ಮಗುಚಿ ಇಡಬೇಕಾಗುತ್ತದಲ್ಲ, ಹಾಗಾದರೆ ಅದು ಒಂದೇ ಬಿಲ್ಲೆ ಹೇಗಾದೀತು ಎಂದು ಕೆಲವರು ತಕರಾರು ತೆಗೆದರು. ಸ್ಮಿತ್ ಆಟ ಮುಂದುವರಿಸಿದರು. ಮೇ ತಿಂಗಳಲ್ಲಿ ಅದೇ ನಾಲ್ವರು, ಮಗುಚುವ ಅಗತ್ಯವೇ ಇಲ್ಲದ ಇನ್ನೊಂದು ಬಿಲ್ಲೆಯನ್ನು ಮುಂದಿಟ್ಟರು.