ಟೈಮರ್‌ಗಳ ಆರಂಭಿಕ ಸಿದ್ಧತೆ (ಲಿನಕ್ಸ್ ಕರ್ನಲ್)

ಟೈಮರ್‌ಗಳ ಆರಂಭಿಕ ಸಿದ್ಧತೆ ಎಂಬುದು ಗಣಕಯಂತ್ರವು ಬೂಟ್ ಆಗುವಾಗ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್ ಕಾಲಗಣನೆಯ ಯಂತ್ರಾಂಶವನ್ನು ಗುರುತಿಸಿ, ಅದರ ವೇಗವನ್ನು ನಿಗದಿಪಡಿಸಿ, ಅದು ಕಳುಹಿಸುವ ಇಂಟರಪ್ಟ್‌ಗಳನ್ನು ಸ್ವೀಕರಿಸಲು ಅಣಿಯಾಗುವ ಹಂತವಾಗಿದೆ. ಇಂಟೆಲ್ ಮಾದರಿಯ (ಎಕ್ಸ್86) ಗಣಕಗಳಲ್ಲಿ ಲಿನಕ್ಸ್ ಕರ್ನಲ್ ಈ ಕೆಲಸವನ್ನು ನಿರ್ವಹಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಅಗತ್ಯ

ಪ್ರೊಸೆಸರನ್ನು ಹಿಡಿದುಕೊಂಡ ಒಂದು ಪ್ರೋಗ್ರಾಂ ತಾನಾಗಿ ಬಿಟ್ಟುಕೊಡದಿದ್ದರೆ, ಅದರಿಂದ ಸರದಿಯನ್ನು ಕಿತ್ತು ಮತ್ತೊಂದಕ್ಕೆ ಕೊಡಲು ಕರ್ನಲ್‌ಗೆ ಟೈಮರ್ ಇಂಟರಪ್ಟ್ ಬೇಕು. ಶಾಲೆಯಲ್ಲಿ ಗಂಟೆ ಬಾರಿಸದೆ ಪಾಠದ ಅವಧಿ ಬದಲಾಗದಂತೆಯೇ ಇದು. ಸಾಧನಗಳ ಡ್ರೈವರ್‌ಗಳಿಗೂ ‘ಇಷ್ಟು ಮೈಕ್ರೊಸೆಕೆಂಡು ಕಾದು ನಂತರ ಓದು’ ಎಂಬ ನಿಯಮಗಳಿರುತ್ತವೆ. ಆದರೆ ಬೂಟ್‌ನ ಮೊದಲ ಕ್ಷಣಗಳಲ್ಲಿ ಕರ್ನಲ್‌ಗೆ ಒಂದು ಸೆಕೆಂಡು ಎಷ್ಟು ದೀರ್ಘವೆಂಬುದೇ ತಿಳಿದಿರುವುದಿಲ್ಲ. ಬೂಟ್ ಸಂದೇಶಗಳ ಮೊದಲ ಸಾಲುಗಳ ಪಕ್ಕದಲ್ಲಿ ಸಮಯವು 0.000000 ಎಂದೇ ಕಾಣುವುದು ಇದೇ ಕಾರಣಕ್ಕೆ.

8254 ಟೈಮರ್

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಟೈಮರ್ ಚಿಪ್ ಇತ್ತು; ಅದರ ಸುಧಾರಿತ ರೂಪವೇ 8254. ಇದರ ಗಣಕಗಳು (ಕೌಂಟರ್‌ಗಳು) ಸೆಕೆಂಡಿಗೆ 11,93,182 ಬಾರಿ ಇಳಿಯುತ್ತವೆ. ಈ ವಿಚಿತ್ರ ಸಂಖ್ಯೆಗೆ ಕಾರಣ ಅಮೆರಿಕದ ಬಣ್ಣದ ದೂರದರ್ಶನ! ಅಲ್ಲಿನ ವರ್ಣಸಂಕೇತದ ಆವರ್ತನ 3.579545 ಮೆಗಾಹರ್ಟ್ಸ್. ಪಿಸಿಯ ಮೂಲ ಸ್ಫಟಿಕದ ಆವರ್ತನ ಅದರ ನಾಲ್ಕು ಪಟ್ಟು, ಅಂದರೆ 14.31818 ಮೆಗಾಹರ್ಟ್ಸ್. ಅದನ್ನು 12ರಿಂದ ಭಾಗಿಸಿದರೆ ಟೈಮರ್‌ನ ವೇಗ ದೊರೆಯುತ್ತದೆ.

ಹಳೆಯ ಲಿನಕ್ಸ್ ಕರ್ನಲ್‌ಗಳು ಸೆಕೆಂಡಿಗೆ 100 ಇಂಟರಪ್ಟ್‌ಗಳನ್ನು ಬಯಸುತ್ತಿದ್ದವು. 11,93,182ನ್ನು 100ರಿಂದ ಭಾಗಿಸಿದರೆ 11,931.82, ಭಿನ್ನರಾಶಿಯನ್ನು ಚಿಪ್ ಸ್ವೀಕರಿಸದಾದ್ದರಿಂದ 11,932 ಎಂದು ಬರೆಯಬೇಕಾಗುತ್ತದೆ. ಕರ್ನಲ್ ಮೊದಲು ಹೆಕ್ಸಾಡೆಸಿಮಲ್ 43ನೇ ಪೋರ್ಟಿಗೆ ಆದೇಶವನ್ನು ಕಳುಹಿಸಿ, ಬಳಿಕ 40ನೇ ಪೋರ್ಟಿಗೆ ಈ ಸಂಖ್ಯೆಯ ಕೆಳ ಬೈಟ್ (156) ಮತ್ತು ಮೇಲ್ ಬೈಟ್ (46) ಇವೆರಡನ್ನು ಒಂದರ ಹಿಂದೊಂದು ಬರೆಯುತ್ತದೆ. ಹೀಗೆ ಪೂರ್ಣಾಂಕಕ್ಕೆ ಏರಿಸಿದ ಅಲ್ಪ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗಡಿಯಾರವು ದಿನಕ್ಕೆ ಸುಮಾರು 1.3 ಸೆಕೆಂಡು ಹಿಂದೆ ಬೀಳುತ್ತದೆ.

ಕ್ರಮ

ಕರ್ನಲ್‌ನ ಆರಂಭದ ಸಿ ಭಾಷೆಯ ಭಾಗ ‘ಸ್ಟಾರ್ಟ್ ಕರ್ನಲ್’. ಅದು ಮೊದಲು ಇಂಟರಪ್ಟ್‌ಗಳನ್ನು ತಡೆಹಿಡಿಯುತ್ತದೆ. ಸರದಿ ನಿರ್ವಾಹಕ, ಇಂಟರಪ್ಟ್ ಕೋಷ್ಟಕ, ಟೈಮರ್‌ಗಳ ಪಟ್ಟಿಗಳು, ಕಾಲಪಾಲನೆಯ ವಿಭಾಗ ಇವು ಸಿದ್ಧವಾದ ಮೇಲಷ್ಟೇ ತಡೆಯನ್ನು ತೆರವುಗೊಳಿಸುತ್ತದೆ. ಈ ಕ್ರಮ ತಪ್ಪಿದರೆ, ಸ್ವೀಕರಿಸುವವರಿಲ್ಲದ ಇಂಟರಪ್ಟ್ ಬಂದು ವ್ಯವಸ್ಥೆಯೇ ಕುಸಿಯುತ್ತದೆ. ಎಚ್‌ಪಿಇಟಿ ಎಂಬ ಹೊಸ ಟೈಮರ್‌ನ ರಿಜಿಸ್ಟರ್‌ಗಳನ್ನು ಸ್ಮೃತಿಯ ವಿಳಾಸಗಳ ಮೂಲಕ ತಲುಪಬೇಕು. ಆದ್ದರಿಂದ ಅದರ ಸಿದ್ಧತೆಯನ್ನು ಸ್ಮೃತಿ ನಿರ್ವಹಣೆ ಆರಂಭವಾಗುವವರೆಗೆ ಮುಂದೂಡಲಾಗುತ್ತದೆ.

ಅಳತೆ

1993ರ ಪೆಂಟಿಯಂನಿಂದ ಪ್ರೊಸೆಸರ್‌ನೊಳಗೇ ಟಿಎಸ್‌ಸಿ ಎಂಬ ಅತಿವೇಗದ ಗಣಕವಿದೆ. ಇದನ್ನು ಓದುವುದು ಸುಲಭ, ಆದರೆ ಅದರ ವೇಗ ಯಂತ್ರದಿಂದ ಯಂತ್ರಕ್ಕೆ ಬೇರೆ. ಆದ್ದರಿಂದ ವೇಗ ತಿಳಿದಿರುವ 8254ನ್ನು ಅಳತೆಗೋಲಾಗಿಸಿಕೊಂಡು, ಅದು ಕೆಲವು ಮಿಲಿಸೆಕೆಂಡು ಎಣಿಸುವಷ್ಟರಲ್ಲಿ ಟಿಎಸ್‌ಸಿ ಎಷ್ಟು ಮುಂದೆ ಸಾಗಿತೆಂದು ಕರ್ನಲ್ ನೋಡುತ್ತದೆ. ಇದಕ್ಕೆ ಬಳಸುವುದು ಸ್ಪೀಕರಿಗೆ ಸೇರಿದ ಗಣಕವನ್ನು. ಎಣಿಕೆ ಮುಗಿದುದನ್ನು ಇಂಟರಪ್ಟ್ ಇಲ್ಲದೆಯೇ ಪೋರ್ಟಿನಿಂದ ಓದಿ ತಿಳಿಯಬಹುದೆಂಬುದೇ ಅದರ ಅನುಕೂಲ. ಅಳತೆಯ ನಡುವೆ ಬಯೋಸ್ ಕರ್ನಲ್‌ಗೆ ತಿಳಿಯದಂತೆ ಪ್ರೊಸೆಸರನ್ನು ಕಸಿದುಕೊಂಡರೆ ಫಲಿತಾಂಶ ಕೆಡುತ್ತದೆ. ಅದಕ್ಕಾಗಿ ಹಲವು ಬಾರಿ ಅಳೆದು ಅತಿ ಕಡಿಮೆ ಮೌಲ್ಯವನ್ನು ಆರಿಸಿಕೊಳ್ಳಲಾಗುತ್ತದೆ. ಇತ್ತೀಚಿನ ಕೆಲವು ಪ್ರೊಸೆಸರ್‌ಗಳು ತಮ್ಮ ಆವರ್ತನವನ್ನು ತಾವೇ ತಿಳಿಸುತ್ತವೆ.

ವೈಫಲ್ಯ

ಹಳೆಯ ಕರ್ನಲ್‌ಗಳಲ್ಲಿ ಬೂಟ್ ಪ್ರಕ್ರಿಯೆಯು ‘ಕ್ಯಾಲಿಬ್ರೇಟಿಂಗ್ ಡಿಲೇ ಲೂಪ್’ ಎಂಬ ಸಾಲಿನಲ್ಲಿ ನಿಂತುಬಿಡುವುದುಂಟು. ದೋಷ ಪ್ರೊಸೆಸರ್‌ನದೆಂದು ತೋರಿದರೂ ನಿಜವಾದ ಕಾರಣ ಸಾಮಾನ್ಯವಾಗಿ ಬೇರೆಯೇ. ಪ್ರತಿ ಟೈಮರ್ ಇಂಟರಪ್ಟಿಗೆ ಒಂದರಂತೆ ಹೆಚ್ಚುವ ‘ಜಿಫೀಸ್’ ಎಂಬ ಸಂಖ್ಯೆ ಬದಲಾಗುವುದನ್ನೇ ಆ ಹಂತವು ಕಾಯುತ್ತಿರುತ್ತದೆ. ಇಂಟರಪ್ಟ್ ಬಾರದಿದ್ದರೆ ಕಾಯುವಿಕೆಗೆ ಕೊನೆಯಿಲ್ಲ. ಇಂಟರಪ್ಟ್‌ಗಳನ್ನು ಹಂಚುವ ಐಒ-ಎಪಿಕ್ ಇರುವ ಯಂತ್ರಗಳಲ್ಲಿ ಕರ್ನಲ್ ಇನ್ನಷ್ಟು ಎಚ್ಚರ ವಹಿಸುತ್ತದೆ. ಹತ್ತು ಇಂಟರಪ್ಟ್‌ಗಳಷ್ಟು ಕಾಲ ಕಾದು, ಜಿಫೀಸ್ ನಾಲ್ಕಕ್ಕಿಂತ ಹೆಚ್ಚು ಏರಿದೆಯೇ ಎಂದು ಪರೀಕ್ಷಿಸುತ್ತದೆ. ಏರದಿದ್ದರೆ ಟೈಮರ್‌ಗೆ ಬೇರೆ ಸಂಪರ್ಕ ಮಾರ್ಗಗಳನ್ನು ಪ್ರಯತ್ನಿಸಿ, ಎಲ್ಲವೂ ವಿಫಲವಾದಾಗ ‘ಪ್ಯಾನಿಕ್’ ಘೋಷಿಸಿ ನಿಲ್ಲುತ್ತದೆ.

ಜಿಫೀಸ್ ಸೊನ್ನೆಯಿಂದ ಆರಂಭವಾಗುವುದಿಲ್ಲವೆಂಬುದು ಗಮನಾರ್ಹ. 32 ಬಿಟ್‌ಗಳ ಈ ಎಣಿಕೆಯು ಸೆಕೆಂಡಿಗೆ 1000ದಂತೆ ಏರಿದರೆ ಸುಮಾರು 49.7 ದಿನಗಳಲ್ಲಿ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಅಷ್ಟು ದಿನ ಅಡಗಿರಬಹುದಾದ ಡ್ರೈವರ್ ದೋಷಗಳು ಬೇಗನೆ ಹೊರಬೀಳಲೆಂದು, ಬೂಟ್ ಆದ ಐದೇ ನಿಮಿಷಗಳಲ್ಲಿ ತುಂಬುವಂತೆ ಆರಂಭದ ಮೌಲ್ಯವನ್ನು ಇರಿಸಲಾಗಿದೆ.

ಇತರ ಯಂತ್ರಗಳು

ಆರ್ಮ್ ಪ್ರೊಸೆಸರ್‌ಗಳ ಜೆನೆರಿಕ್ ಟೈಮರ್‌ನಲ್ಲಿ ಆವರ್ತನವನ್ನು ಫರ್ಮ್‌ವೇರ್ ಒಂದು ರಿಜಿಸ್ಟರ್‌ನಲ್ಲಿ ಬರೆದಿಡುತ್ತದೆ. ರಿಸ್ಕ್-ಫೈವ್ ಯಂತ್ರಗಳಲ್ಲಿ ಅದನ್ನು ಸಾಮಾನ್ಯವಾಗಿ ಡಿವೈಸ್ ಟ್ರೀ ಎಂಬ ಯಂತ್ರಾಂಶ ವಿವರಣೆಯಿಂದ ಓದಿಕೊಳ್ಳಲಾಗುತ್ತದೆ. ಆ ಮೌಲ್ಯ ತಪ್ಪಾಗಿದ್ದರೆ ಕರ್ನಲ್ ಬೂಟ್ ಆದರೂ ಅದರ ಸೆಕೆಂಡು ನಿಜವಾದ ಸೆಕೆಂಡಿಗಿಂತ ದೀರ್ಘವೋ ಹ್ರಸ್ವವೋ ಆಗಿರುತ್ತದೆ.